ಒಂದು ರಾಜ್ಯದ ಕಾಯ್ದೆ, ಇಡೀ ದೇಶದ ತಿಂಡಿ: ಅಮೆರಿಕದಲ್ಲಿ ಆಹಾರಕ್ಕೆ ಬೆರೆಸುವ ರಾಸಾಯನಿಕಗಳಿಗೆ ಕಡಿವಾಣ ಬಿದ್ದದ್ದು ಹೇಗೆ?

2023ರ ಅಕ್ಟೋಬರ್ 7ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಒಂದು ಮಸೂದೆಗೆ ಸಹಿ ಹಾಕಿದರು. ಸಹಿಯ ಜೊತೆ ಶಾಸಕರಿಗೆ ಒಂದು ಪತ್ರ ಬರೆದು, ಅದಕ್ಕೊಂದು ಸ್ಕಿಟಲ್ಸ್ ಪೊಟ್ಟಣ ಲಗತ್ತಿಸಿದರು. ಮಕ್ಕಳು ಇಷ್ಟಪಟ್ಟು ತಿನ್ನುವ ಬಣ್ಣಬಣ್ಣದ ಮಿಠಾಯಿ ಅದು. ಆದರೆ ಅಮೆರಿಕದ ಅಂಗಡಿಯದ್ದಲ್ಲ, ಯುರೋಪಿನಲ್ಲಿ ಕೊಂಡದ್ದು. ಅದೇ ಕಂಪನಿ ಅದೇ ಮಿಠಾಯಿಯನ್ನು ಅಲ್ಲಿಯ ನಿಯಮಕ್ಕೆ ತಕ್ಕ ಹಾಗೆ ಬೇರೆ ಥರ ಮಾಡಿ ಮಾರುತ್ತಿದೆ ಎಂದು ತೋರಿಸಲು ಆ ಪೊಟ್ಟಣ. ಅಲ್ಲಿ ಆಗುವ ಕೆಲಸ ನಮ್ಮಲ್ಲಿ ಯಾಕೆ ಆಗಬಾರದು ಎನ್ನುವುದು ಅದರ ಹಿಂದಿದ್ದ ಪ್ರಶ್ನೆ.

ಆ ಕಾಯ್ದೆಯ ಹೆಸರು ಕ್ಯಾಲಿಫೋರ್ನಿಯಾ ಆಹಾರ ಸುರಕ್ಷತಾ ಕಾಯ್ದೆ. ಸದನದಲ್ಲಿ ಎಬಿ 418 ಎಂಬ ಸಂಖ್ಯೆಯಿಂದ ಬಂದದ್ದು. ಇದು ನಿಷೇಧಿಸಿದ್ದು ನಾಲ್ಕೇ ನಾಲ್ಕು ವಸ್ತುಗಳನ್ನು: ರೆಡ್ 3 ಎಂಬ ಕೃತಕ ಬಣ್ಣ, ಪೊಟ್ಯಾಸಿಯಮ್ ಬ್ರೋಮೇಟ್, ಬ್ರೋಮಿನ್ ಸೇರಿಸಿದ ಸಸ್ಯಜನ್ಯ ಎಣ್ಣೆ ಮತ್ತು ಪ್ರೊಪೈಲ್‌ಪ್ಯಾರಾಬೆನ್. 2027ರ ಜನವರಿ 1ರಿಂದ ಇವು ಇರುವ ಯಾವ ತಿಂಡಿ, ಪಾನೀಯವನ್ನೂ ಆ ರಾಜ್ಯದಲ್ಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಹಂಚುವಂತಿಲ್ಲ. ತಪ್ಪಿದರೆ ಮೊದಲ ಸಲ 5,000 ಡಾಲರ್‌ವರೆಗೆ ದಂಡ, ಆಮೇಲೆ ಪ್ರತಿ ಸಲ 10,000 ಡಾಲರ್‌ವರೆಗೆ.

ಟಿವಿಯವರೂ ಪತ್ರಿಕೆಯವರೂ ಇದನ್ನು 'ಸ್ಕಿಟಲ್ಸ್ ಬ್ಯಾನ್' ಎಂದು ಕರೆದರು. ಈ ಹೆಸರು ತಪ್ಪು. ಒಂದೇ ಒಂದು ಮಿಠಾಯಿಯೂ ಇದರಿಂದ ನಿಷೇಧವಾಗಿಲ್ಲ. ಪಾಕ ಬದಲಿಸಿ ಎಂದು ಕಾಯ್ದೆ ಹೇಳುತ್ತದೆ, ಅಷ್ಟೇ. ಅದರ ಮೇಲೆ, ಸ್ಕಿಟಲ್ಸ್‌ಗೆ ಆ ಹೆಸರು ಅಂಟಿದ್ದು ಅದರಲ್ಲಿದ್ದ ಟೈಟಾನಿಯಮ್ ಡೈಆಕ್ಸೈಡ್ ಎಂಬ ಬಿಳಿ ಬಣ್ಣದಿಂದ. ಮಸೂದೆಯ ಮೊದಲ ಪಟ್ಟಿಯಲ್ಲಿ ಅದೂ ಇತ್ತು. ಚರ್ಚೆಯ ನಡುವೆ ಅದನ್ನು ಕೈಬಿಟ್ಟರು. ಯುರೋಪಿಯನ್ ಒಕ್ಕೂಟ 2022ರಲ್ಲೇ ಆಹಾರದಲ್ಲಿ ಅದನ್ನು ನಿಷೇಧಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದು ಬಚಾವಾಯಿತು.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಇಡೀ ದೇಶದ ಆಹಾರ ನೋಡಿಕೊಳ್ಳಲು ಎಫ್‌ಡಿಎ ಎಂಬ ಕೇಂದ್ರದ ಇಲಾಖೆ ಇದೆ. ವಿಜ್ಞಾನಿಗಳಿದ್ದಾರೆ, ಪ್ರಯೋಗಾಲಯಗಳಿವೆ. ಹಾಗಿದ್ದೂ ಒಂದು ರಾಜ್ಯದ ಶಾಸಕರು ಕೂತು ಇಂಥ ಬಣ್ಣ ಬೇಡ, ಇಂಥ ಪುಡಿ ಬೇಡ ಎಂದು ಕಾಯ್ದೆ ಮಾಡುವ ಪರಿಸ್ಥಿತಿ ಯಾಕೆ ಬಂತು?

ಮುಂಬಾಗಿಲಿಗೆ ಬೀಗ, ಪಕ್ಕದಲ್ಲಿ ಎರಡು ಬಾಗಿಲು

ಇದಕ್ಕೆ ಉತ್ತರ ಸಿಗುವುದು 1958ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಅಡುಗೆಮನೆಗಳಿಗೆ ಪೊಟ್ಟಣದ ಆಹಾರ ಪ್ರವಾಹದ ಹಾಗೆ ನುಗ್ಗಿತು. ಅದರ ಜೊತೆ ನೂರಾರು ಹೊಸ ರಾಸಾಯನಿಕಗಳೂ ಬಂದವು. 1950ರ ಹ್ಯಾಲೋವೀನ್ ಹಬ್ಬದಲ್ಲಿ ಕಿತ್ತಳೆ ಬಣ್ಣದ ಮಿಠಾಯಿ ತಿಂದು ಮಕ್ಕಳು ಕಾಯಿಲೆ ಬಿದ್ದರು. ಕಾರಣ ಅದಕ್ಕೆ ಹಾಕಿದ್ದ ಆರೆಂಜ್ 1 ಎಂಬ ಬಣ್ಣ. ಸರ್ಕಾರವೇ ಒಪ್ಪಿಗೆ ಕೊಟ್ಟಿದ್ದ ಬಣ್ಣ ಅದು! ನ್ಯೂಯಾರ್ಕ್‌ನ ಸಂಸದ ಜೇಮ್ಸ್ ಡಿಲೇನಿ ಇಂಥ ರಾಸಾಯನಿಕಗಳ ಬಗ್ಗೆ ವರ್ಷಗಟ್ಟಲೆ ವಿಚಾರಣೆ ನಡೆಸಿದರು. ಕೊನೆಗೆ 1958ರಲ್ಲಿ ಆಹಾರ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಬಣ್ಣಗಳಿಗೆ 1960ರಲ್ಲಿ ಬೇರೆ ತಿದ್ದುಪಡಿ ಆಯಿತು.

ಅದರಲ್ಲಿ ಡಿಲೇನಿ ಹೆಸರಿನ ಒಂದು ಕಲಮು ಇದೆ. ಬಹಳ ಕಟ್ಟುನಿಟ್ಟಾದ ಕಲಮು. ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ತರುತ್ತದೆ ಎಂದು ಗೊತ್ತಾದ ವಸ್ತುವನ್ನು ಆಹಾರಕ್ಕೆ ಸೇರಿಸಲು ಒಪ್ಪಿಗೆ ಕೊಡುವಂತಿಲ್ಲ. ಸ್ವಲ್ಪ ಹಾಕಿದರೆ ಪರವಾಗಿಲ್ಲ ಎನ್ನುವ ಮಾತೇ ಅಲ್ಲಿಲ್ಲ.

ಇಷ್ಟು ಬಿಗಿಯಾದ ಬೀಗ ಹಾಕಿದ ಕಾಯ್ದೆಯೇ ಪಕ್ಕದಲ್ಲಿ ಎರಡು ಬಾಗಿಲು ತೆರೆದಿಟ್ಟಿತು.

ಮೊದಲನೆಯದು 'ಸಾಮಾನ್ಯವಾಗಿ ಸುರಕ್ಷಿತ ಎಂದು ಒಪ್ಪಿದ ವಸ್ತು' ಎಂಬ ವಿನಾಯಿತಿ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಗ್ರಾಸ್ ಅನ್ನುತ್ತಾರೆ. ಉಪ್ಪು, ವಿನೆಗರ್, ಮೆಣಸಿನಪುಡಿಗೆಲ್ಲ ಪರೀಕ್ಷೆ ಯಾಕೆ ಎಂದು ಇದನ್ನು ಇಟ್ಟರು. ಯೋಚನೆ ಸರಿಯೇ. ಆದರೆ ಇದು ಬರಬರುತ್ತಾ ಹಿಗ್ಗಿತು. ತಾನು ತಯಾರಿಸಿದ ಹೊಸ ವಸ್ತು ಸುರಕ್ಷಿತ ಎಂದು ಕಂಪನಿಯೇ ತಜ್ಞರನ್ನು ಕೂರಿಸಿ ತೀರ್ಮಾನ ಮಾಡಿಕೊಳ್ಳಬಹುದು. ಎಫ್‌ಡಿಎಗೆ ತಿಳಿಸಿದರೂ ಆಯಿತು, ಬಿಟ್ಟರೂ ಆಯಿತು. 1997ರಲ್ಲಿ ಪ್ರಸ್ತಾಪವಾಗಿ 2016ರಲ್ಲಿ ಅಂತಿಮವಾದ ನಿಯಮದಲ್ಲೂ ತಿಳಿಸುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಪರೀಕ್ಷೆ ಬರೆದವರೇ ಉತ್ತರ ಪತ್ರಿಕೆ ತಿದ್ದಿದ ಹಾಗೆ ಆಯಿತು, ಅಲ್ವಾ?

ಎರಡನೆಯದು ಹಳೆಯ ಒಪ್ಪಿಗೆ. 1958ಕ್ಕೆ ಮೊದಲೇ ಸರ್ಕಾರ ಯಾವುದಕ್ಕಾದರೂ ಸರಿ ಎಂದಿದ್ದರೆ, ಹೊಸ ಕಾಯ್ದೆಯ ಲೆಕ್ಕದಲ್ಲಿ ಅದು 'ಆಹಾರ ಸೇರ್ಪಡೆ'ಯೇ ಅಲ್ಲ. ಸೇರ್ಪಡೆ ಅಲ್ಲದ ಮೇಲೆ ಡಿಲೇನಿ ಕಲಮು ಅದನ್ನು ಮುಟ್ಟುವುದಿಲ್ಲ.

ಇದರ ಪರಿಣಾಮ ನೋಡಿ. ಒಳಗೆ ಬರುವ ದಾರಿಗಳು ಹಲವು, ಹೊರಗೆ ಹಾಕುವ ದಾರಿ ಮಾತ್ರ ತುಂಬಾ ಉದ್ದ. ಒಮ್ಮೆ ಒಪ್ಪಿಗೆ ಸಿಕ್ಕ ವಸ್ತುವನ್ನು ಇಷ್ಟು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಲೇಬೇಕು ಎಂಬ ಕಡ್ಡಾಯ ಇಲ್ಲ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ 2009ಕ್ಕೆ ಮುಂಚೆ ಒಪ್ಪಿದ್ದ ಎಲ್ಲ ಸೇರ್ಪಡೆಗಳನ್ನೂ ಮತ್ತೆ ಪರಿಶೀಲಿಸುವ ಕೆಲಸವನ್ನು ಕಾನೂನೇ ಶುರುಮಾಡಿಸಿತು. ಟೈಟಾನಿಯಮ್ ಡೈಆಕ್ಸೈಡ್ ಸಿಕ್ಕಿಬಿದ್ದದ್ದು ಹಾಗೆಯೇ.

ತುಟಿಗೆ ಬೇಡ, ಹೊಟ್ಟೆಗೆ ಇರಲಿ

ರೆಡ್ 3ರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಇದರ ರಾಸಾಯನಿಕ ಹೆಸರು ಎರಿಥ್ರೊಸಿನ್. ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿರುವ, ಚೆರ್ರಿ ಹಣ್ಣಿನಂಥ ಹೊಳೆಯುವ ಕೆಂಪು. ಅಮೆರಿಕದಲ್ಲಿ 1907ರಿಂದಲೂ ಆಹಾರಕ್ಕೆ ಬಳಕೆಯಲ್ಲಿದ್ದ ಬಣ್ಣ. ಡಬ್ಬಿಯ ಚೆರ್ರಿ, ಕೇಕ್ ಮೇಲಿನ ಕ್ರೀಮ್, ಮಿಠಾಯಿ, ಮಕ್ಕಳಿಗೆ ಕೊಡುವ ಔಷಧ, ಹೀಗೆ ಎಲ್ಲೆಲ್ಲೂ ಇತ್ತು.

1980ರ ದಶಕದ ಹೊತ್ತಿಗೆ ಒಂದು ವಿಷಯ ಗೊತ್ತಾಗಿತ್ತು. ಹೆಚ್ಚಿನ ಪ್ರಮಾಣದಲ್ಲಿ ಈ ಬಣ್ಣ ತಿನ್ನಿಸಿದ ಗಂಡು ಇಲಿಗಳಲ್ಲಿ ಥೈರಾಯ್ಡ್ ಗ್ರಂಥಿಯ ಗಡ್ಡೆಗಳು ಕಾಣಿಸಿಕೊಂಡವು. ಡಿಲೇನಿ ಕಲಮಿನ ಪ್ರಕಾರ ಮುಂದೆ ಮಾತೇ ಇಲ್ಲ, ತೆಗೆಯಬೇಕು. 1990ರಲ್ಲಿ ಎಫ್‌ಡಿಎ ತೆಗೆಯಿತು ಕೂಡ. ಯಾವುದರಿಂದ ಗೊತ್ತಾ? ಸೌಂದರ್ಯವರ್ಧಕಗಳಿಂದ, ಮೈಗೆ ಹಚ್ಚುವ ಔಷಧಗಳಿಂದ. ಲಿಪ್‌ಸ್ಟಿಕ್‌ಗೆ ಹಾಕುವಂತಿಲ್ಲ, ಮಿಠಾಯಿಗೆ ಹಾಕಬಹುದು. ತುಟಿಗೆ ಬೇಡವಾದದ್ದು ಹೊಟ್ಟೆಗೆ ಹೋಗುತ್ತಲೇ ಇತ್ತು.

ಇದು ಹುಚ್ಚುತನದ ಹಾಗೆ ಕಾಣುತ್ತದೆ. ಹಿಂದಿರುವ ಕಾರಣ ಮಾತ್ರ ಬರೀ ಕಾಗದದ್ದು. ಲಿಪ್‌ಸ್ಟಿಕ್‌ನಂಥ ಬಳಕೆಗೆ ಇದ್ದದ್ದು ತಾತ್ಕಾಲಿಕ ಒಪ್ಪಿಗೆ. ಅದನ್ನು ಹಿಂತೆಗೆದುಕೊಳ್ಳುವುದು ಸುಲಭ. ಆಹಾರಕ್ಕೆ 1969ರಲ್ಲೇ ಕಾಯಂ ಒಪ್ಪಿಗೆ ಸಿಕ್ಕಿಬಿಟ್ಟಿತ್ತು. ಅದನ್ನು ಕಿತ್ತುಹಾಕಲು ಬೇರೆಯೇ ದೊಡ್ಡ ಪ್ರಕ್ರಿಯೆ ನಡೆಯಬೇಕು. ಅದನ್ನೂ ಮಾಡುತ್ತೇವೆ ಎಂದು ಇಲಾಖೆ ಆಗ ಹೇಳಿತ್ತು. ಮೂವತ್ತು ವರ್ಷ ದಾಟಿದರೂ ಮಾಡಲಿಲ್ಲ. ಆ ಹೊತ್ತಿಗೆ ಒಂದು ಇಡೀ ತಲೆಮಾರಿನ ಮಕ್ಕಳು ಬೆಳೆದು ತಾವೇ ತಂದೆ ತಾಯಿಯರಾಗಿದ್ದರು.

ಒಂದು ಮಾತನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಇಲಿಗಳಲ್ಲಿ ಗಡ್ಡೆ ಬರಲು ಕಾರಣವಾದ ಹಾರ್ಮೋನಿನ ಏರುಪೇರು ಮನುಷ್ಯರಲ್ಲಿ ಅದೇ ಥರ ನಡೆಯುವುದಿಲ್ಲ, ಜನ ತಿನ್ನುವ ಪ್ರಮಾಣವೂ ತೀರಾ ಕಡಿಮೆ ಎನ್ನುವುದು ಎಫ್‌ಡಿಎಯ ನಿಲುವು. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಬಣ್ಣದಿಂದ ಆಹಾರಕ್ಕೆ ಸಿಗುವುದು ಏನು? ಪೌಷ್ಟಿಕಾಂಶ ಇಲ್ಲ, ರುಚಿ ಇಲ್ಲ, ಬಾಳಿಕೆ ಇಲ್ಲ. ಕಣ್ಣಿಗೆ ಕೆಂಪು, ಅಷ್ಟೇ. ಬರೀ ಅಂದಕ್ಕಾಗಿ ಹಾಕುವ ವಸ್ತುವಿನ ಮೇಲೆ ಸಣ್ಣ ಅನುಮಾನ ಇದ್ದರೂ ತಾಯಂದಿರು ಅದನ್ನು ಯಾಕೆ ಒಪ್ಪಬೇಕು?

ಹಿಟ್ಟಿನ ಚೀಲದೊಳಗಿನ ಒಂದು ಗ್ರಾಂ

ಪೊಟ್ಯಾಸಿಯಮ್ ಬ್ರೋಮೇಟ್ ಬಣ್ಣವೂ ಅಲ್ಲ, ರುಚಿಯೂ ಅಲ್ಲ. ಬಿಳಿ ಪುಡಿ. ಇದು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಬ್ರೆಡ್ಡಿನ ಹಿಟ್ಟನ್ನು ಕೈಯಲ್ಲಿ ಹಿಡಿದು ನೋಡಬೇಕು.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರಲ್ಲಿ ಗ್ಲುಟೆನ್ ಎಂಬ ಪ್ರೋಟೀನಿನ ಬಲೆ ಹೆಣೆದುಕೊಳ್ಳುತ್ತದೆ. ಒಂದು ಉಂಡೆ ಹಿಟ್ಟನ್ನು ಎರಡೂ ಕೈಯ ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಬಲೆ ಗಟ್ಟಿಯಾಗಿದ್ದರೆ ಅದು ತೆಳ್ಳಗಿನ ಪರದೆಯ ಹಾಗೆ ಹಿಗ್ಗುತ್ತದೆ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಸಡಿಲವಾಗಿದ್ದರೆ ಪಟಕ್ಕನೆ ಹರಿಯುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಂಡು ಬ್ರೆಡ್ಡನ್ನು ಉಬ್ಬಿಸುವುದು ಈ ಪರದೆಯೇ.

ಆಗತಾನೇ ಬೀಸಿದ ಹಿಟ್ಟಿನಲ್ಲಿ ಬಲೆ ಸಡಿಲ. ಕೆಲವು ವಾರ ಹಾಗೇ ಇಟ್ಟರೆ ಗಾಳಿಯಲ್ಲಿರುವ ಆಮ್ಲಜನಕ ನಿಧಾನವಾಗಿ ಕೆಲಸ ಮಾಡಿ, ಪ್ರೋಟೀನಿನ ಎಳೆಗಳ ನಡುವೆ ಗಂಟು ಹಾಕುತ್ತದೆ. ಹಳಬರು ಇದಕ್ಕೆ ಹಿಟ್ಟು ಮಾಗುವುದು ಅನ್ನುತ್ತಿದ್ದರು. ಆದರೆ ದೊಡ್ಡ ಕಾರ್ಖಾನೆಗೆ ವಾರಗಟ್ಟಲೆ ಕಾಯುವ ಪುರುಸೊತ್ತಿಲ್ಲ. ಗೋದಾಮಿನ ಬಾಡಿಗೆ ಬೇರೆ. ಬ್ರೋಮೇಟ್ ಹಾಕಿದರೆ ಅದೇ ಗಂಟು ಹಾಕುವ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಇನ್ನೊಂದು ಗುಣ ಎಂದರೆ ಅವಸರ ಮಾಡುವುದಿಲ್ಲ. ಹಿಟ್ಟು ಹುದುಗಿ ಒಲೆಗೆ ಹೋಗುವ ಹೊತ್ತಿಗೆ ಅದರ ಕೆಲಸ ಜೋರಾಗುತ್ತದೆ. ಬ್ರೆಡ್ ಎತ್ತರಕ್ಕೆ ಏಳಬೇಕಾದದ್ದೂ ಅದೇ ಗಳಿಗೆಯಲ್ಲಿ. ಬೇಕರಿಯವರು ಅದನ್ನು ಬಿಡಲು ಒಪ್ಪದೆ ಇದ್ದದ್ದಕ್ಕೆ ಇದೇ ಕಾರಣ.

ಹಾಕುವುದು ಎಷ್ಟು? ಎಫ್‌ಡಿಎಯ ಮಿತಿ ಬಿಳಿ ಹಿಟ್ಟಿನ ಹತ್ತು ಲಕ್ಷ ಭಾಗಕ್ಕೆ 50 ಭಾಗ. ಎಂದರೆ 20 ಕೆ.ಜಿ. ಹಿಟ್ಟಿಗೆ ಒಂದು ಗ್ರಾಂ. ಸರಿಯಾಗಿ ಬೆಂದರೆ ಬ್ರೋಮೇಟ್ ತನ್ನ ಆಮ್ಲಜನಕ ಕಳೆದುಕೊಂಡು ಬ್ರೋಮೈಡ್ ಆಗಿ ಬದಲಾಗುತ್ತದೆ, ಉಳಿಯುವುದು ತೀರಾ ಕಡಿಮೆ ಎನ್ನುವುದು ಅದರ ಪರ ಇರುವವರ ವಾದ. 'ಸರಿಯಾಗಿ ಬೆಂದರೆ' ಎನ್ನುವ ಮಾತಿನ ಮೇಲೇ ಎಲ್ಲ ನಿಂತಿದೆ. ಕೈ ಸ್ವಲ್ಪ ಜಾಸ್ತಿ ಆದರೆ, ಒಲೆ ಸ್ವಲ್ಪ ತಣ್ಣಗಿದ್ದರೆ, ಬ್ರೆಡ್ಡನ್ನು ಬೇಗ ಹೊರಗೆ ತೆಗೆದರೆ ಅದು ಉಳಿದೇ ಉಳಿಯುತ್ತದೆ.

1980ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಮೂತ್ರಪಿಂಡದ ಗಡ್ಡೆಗಳು ಕಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಸಾಲಿಗೆ ಸೇರಿಸಿತು. ಬ್ರಿಟನ್ 1990ರಲ್ಲಿ ನಿಷೇಧಿಸಿತು. ಕೆನಡಾ 1994ರಲ್ಲಿ, ಭಾರತ 2016ರಲ್ಲಿ. ಅಮೆರಿಕ? 1991ರಲ್ಲಿ ಎಫ್‌ಡಿಎ ಬೇಕರಿಯವರಿಗೆ, ದಯವಿಟ್ಟು ನೀವಾಗಿಯೇ ಬಿಟ್ಟುಬಿಡಿ ಎಂದು ಕೇಳಿಕೊಂಡಿತು. ಡಿಲೇನಿ ಕಲಮು ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರ ಆ ಎರಡನೇ ಬಾಗಿಲು. ಬ್ರೋಮೇಟ್‌ಗೆ 1958ಕ್ಕೆ ಮೊದಲೇ ಒಪ್ಪಿಗೆ ಸಿಕ್ಕಿತ್ತು.

ಬದಲಿ ಇಲ್ಲವೇ? ಧಾರಾಳವಾಗಿ ಇದೆ. ಆಸ್ಕಾರ್ಬಿಕ್ ಆಮ್ಲ, ಎಂದರೆ ವಿಟಮಿನ್ ಸಿ, ಇದೇ ಕೆಲಸ ಮಾಡುತ್ತದೆ. ಕಿಣ್ವಗಳಿವೆ. ಇಲ್ಲವೇ ಹಿಟ್ಟನ್ನು ಸ್ವಲ್ಪ ಜಾಸ್ತಿ ಹೊತ್ತು ಹುದುಗಲು ಬಿಡಬಹುದು. ಅಮೆರಿಕದಲ್ಲೇ ಹಲವು ದೊಡ್ಡ ಬ್ರೆಡ್ ಕಂಪನಿಗಳು ಎಷ್ಟೋ ವರ್ಷದ ಹಿಂದೆ ಅದನ್ನು ಬಿಟ್ಟಿವೆ. ಬಿಡದೆ ಉಳಿದವರನ್ನು ಮುಟ್ಟುವ ಶಕ್ತಿ ವಿನಂತಿಗೆ ಇಲ್ಲ, ಕಾಯ್ದೆಗೆ ಇದೆ.

ಕಿತ್ತಳೆ ಸಿಪ್ಪೆಯ ಎಣ್ಣೆ ಮೇಲೆ ತೇಲದಿರಲು

ಒಂದು ಲೋಟ ನೀರಿನ ಮೇಲೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ ನೋಡಿ. ಸಣ್ಣ ಸಣ್ಣ ಎಣ್ಣೆಯ ಹನಿಗಳು ಚಿಮ್ಮಿ, ನೀರಿನ ಮೇಲೆ ಹೊಳೆಯುವ ಪದರವಾಗಿ ನಿಲ್ಲುತ್ತವೆ. ಕಿತ್ತಳೆಯ ಘಮ ಇರುವುದೇ ಆ ಎಣ್ಣೆಯಲ್ಲಿ. ನಿಂಬೆ, ಕಿತ್ತಳೆ ರುಚಿಯ ಸೋಡಾ ಮಾಡುವವರ ತಲೆನೋವೂ ಅದೇ. ಬಾಟಲಿ ಎರಡು ದಿನ ನಿಂತರೆ ಕುತ್ತಿಗೆಯ ಹತ್ತಿರ ಎಣ್ಣೆಯ ಉಂಗುರ ಕಟ್ಟುತ್ತದೆ. ಕೊಳ್ಳುವವರಿಗೆ ಅದು ಹಾಳಾದ ಪಾನೀಯದ ಹಾಗೆ ಕಾಣುತ್ತದೆ.

ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಸೋಯಾದಂಥ ಸಸ್ಯದ ಎಣ್ಣೆಗೆ ಬ್ರೋಮಿನ್ ಸೇರಿಸಿದರೆ ಅದು ನೀರಿಗಿಂತ ಭಾರವಾಗುತ್ತದೆ. ಹಗುರವಾದ ಕಿತ್ತಳೆ ಎಣ್ಣೆಗೆ ಈ ಭಾರದ ಎಣ್ಣೆ ಬೆರೆಸಿದರೆ ಎರಡೂ ಸೇರಿ ನೀರಿನಷ್ಟೇ ತೂಕಕ್ಕೆ ಬಂದು, ಬಾಟಲಿಯ ಉದ್ದಕ್ಕೂ ಸಮನಾಗಿ ಹರಡಿಕೊಳ್ಳುತ್ತವೆ. ಜಾಣ ಕೆಲಸ ಅನ್ನೋಣ. ಆದರೆ ಆ ಬ್ರೋಮಿನ್ ಮೈಯ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. 1970ರಲ್ಲೇ ಎಫ್‌ಡಿಎ ಇದನ್ನು ಸುರಕ್ಷಿತ ವಸ್ತುಗಳ ಪಟ್ಟಿಯಿಂದ ಹೊರಗೆ ಹಾಕಿತ್ತು. ಹಾಕಿ, ಇನ್ನೂ ಅಧ್ಯಯನ ಆಗಲಿ, ಅಲ್ಲಿಯವರೆಗೆ ಹತ್ತು ಲಕ್ಷಕ್ಕೆ 15 ಭಾಗ ಬಳಸಬಹುದು ಎಂದು ಮಧ್ಯಂತರ ಅನುಮತಿ ಕೊಟ್ಟಿತು. ಆ ಮಧ್ಯಂತರ ಐವತ್ತು ವರ್ಷ ದಾಟಿ ನಡೆಯಿತು!

1997ರಲ್ಲಿ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ಇಂಥ ಸೋಡಾ ಕುಡಿಯುತ್ತಿದ್ದ ಒಬ್ಬರಿಗೆ ತಲೆನೋವು, ಮರೆವು, ನಡೆಯುವಾಗ ತೂರಾಡುವಿಕೆ ಶುರುವಾಗಿತ್ತು. ಮೈಯಲ್ಲಿ ಬ್ರೋಮಿನ್ ವಿಷವೇರಿತ್ತು. ಅಷ್ಟು ಸೋಡಾ ಯಾರು ಕುಡಿಯುತ್ತಾರೆ ಅನ್ನಬಹುದು. ಆದರೂ ಒಂದು ಎಚ್ಚರಿಕೆಯಾಗಿ ಅದು ಸಾಲದಿತ್ತೇ? ಆಮೇಲೆ ಮಿಸಿಸಿಪ್ಪಿಯ ಒಬ್ಬ ಹದಿಹರೆಯದ ಹುಡುಗಿ ಆನ್‌ಲೈನಿನಲ್ಲಿ ಸಹಿ ಸಂಗ್ರಹ ಶುರುಮಾಡಿದಳು. 2013ರಲ್ಲಿ ಗೇಟೊರೇಡ್ ಎಂಬ ಕ್ರೀಡಾ ಪಾನೀಯ ಈ ಎಣ್ಣೆಯನ್ನು ಬಿಟ್ಟಿತು. ಇಲಾಖೆಯ ಕಡತಕ್ಕಿಂತ ಆ ಹುಡುಗಿಯ ಅರ್ಜಿ ಬೇಗ ಕೆಲಸ ಮಾಡಿತು.

ನಾಲ್ಕನೆಯದಾದ ಪ್ರೊಪೈಲ್‌ಪ್ಯಾರಾಬೆನ್ ಬೂಷ್ಟು ಬರದಂತೆ ತಡೆಯುವ ಪ್ರಿಸರ್ವೇಟಿವ್. ಪೊಟ್ಟಣದ ಟೋರ್ಟಿಯಾ, ಕೇಕ್‌ಗಳಲ್ಲಿ ಬಳಸುತ್ತಿದ್ದರು. ಎಳೆಯ ಗಂಡು ಇಲಿಗಳ ಲೈಂಗಿಕ ಹಾರ್ಮೋನಿನ ಮೇಲೆ ಪರಿಣಾಮ ಕಂಡದ್ದರಿಂದ ಯುರೋಪ್ 2006ರಲ್ಲೇ ಇದನ್ನು ಆಹಾರದಿಂದ ತೆಗೆಯಿತು.

ಒಂದು ರಾಜ್ಯದ ಮಾತನ್ನು ದೇಶ ಕೇಳುವುದು ಯಾಕೆ

ಎಬಿ 418 ಕ್ಯಾಲಿಫೋರ್ನಿಯಾದ ಗಡಿಯೊಳಗೆ ಮಾತ್ರ ನಡೆಯುವ ಕಾಯ್ದೆ. ಆದರೆ ಅಲ್ಲಿ ಸುಮಾರು 3.9 ಕೋಟಿ ಜನ ಇದ್ದಾರೆ. ಒಬ್ಬ ಮಿಠಾಯಿ ತಯಾರಕರ ಜಾಗದಲ್ಲಿ ನಿಂತು ಯೋಚಿಸಿ. ಕ್ಯಾಲಿಫೋರ್ನಿಯಾಕ್ಕೆ ಒಂದು ಪಾಕ, ಪಕ್ಕದ ನೆವಾಡಾಕ್ಕೆ ಇನ್ನೊಂದು ಪಾಕ ಮಾಡಬೇಕೆಂದರೆ ಎರಡು ಥರದ ಲೇಬಲ್, ಎರಡು ದಾಸ್ತಾನು. ಒಂದು ಬ್ಯಾಚ್ ಆದ ಮೇಲೆ ಯಂತ್ರ ತೊಳೆದು ಮತ್ತೊಂದು ಶುರುಮಾಡಬೇಕು. ಒಂದು ಲಾರಿ ದಾರಿ ತಪ್ಪಿದರೆ ದಂಡ. ಅದಕ್ಕಿಂತ ಎಲ್ಲ ರಾಜ್ಯಕ್ಕೂ ಹೊಸ ಪಾಕವನ್ನೇ ಮಾಡುವುದು ಅಗ್ಗ. ಹೀಗೆ ದೊಡ್ಡ ಮಾರುಕಟ್ಟೆ ಇರುವ ರಾಜ್ಯದ ನಿಯಮ, ಯಾರೂ ಹೇಳದೆ, ದೇಶದ ನಿಯಮವಾಗಿಬಿಡುತ್ತದೆ.

ಬೇರೆ ರಾಜ್ಯದ ವ್ಯಾಪಾರಕ್ಕೆ ಇದರಿಂದ ಅಡ್ಡಿಯಾಗುವುದಿಲ್ಲವೇ, ಸಂವಿಧಾನ ಒಪ್ಪುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಒಂದು ಮುಖ್ಯ ಉತ್ತರ 2023ರ ಮೇ ತಿಂಗಳಲ್ಲಿ ಬಂತು. ಹಂದಿಗಳನ್ನು ಇಕ್ಕಟ್ಟಾದ ಗೂಡಿನಲ್ಲಿ ಸಾಕಿ ತಂದ ಮಾಂಸವನ್ನು ಮಾರಬಾರದು ಎಂಬ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು, ಹಂದಿಗಳು ಬೇರೆ ರಾಜ್ಯದಲ್ಲಿ ಬೆಳೆದಿದ್ದರೂ, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೊರಗಿನವರಿಗೂ ಒಳಗಿನವರಿಗೂ ಒಂದೇ ನಿಯಮ ಇದ್ದರೆ, ತನ್ನ ಅಂಗಡಿಗಳಲ್ಲಿ ಏನು ಮಾರಬೇಕು ಎಂದು ಹೇಳಲು ರಾಜ್ಯಕ್ಕೆ ಸಾಕಷ್ಟು ಅವಕಾಶ ಇದೆ ಎಂದಾಯಿತು.

ಇನ್ನು ಮುಂದಿನದ್ದು ಬಹಳ ಬೇಗ ಬೇಗ ನಡೆಯಿತು. ಕ್ಯಾಲಿಫೋರ್ನಿಯಾದ ಸಹಿ ಬಿದ್ದದ್ದು 2023ರ ಅಕ್ಟೋಬರ್‌ನಲ್ಲಿ. ನವೆಂಬರ್‌ನಲ್ಲಿ ಎಫ್‌ಡಿಎ ಬ್ರೋಮಿನ್ ಎಣ್ಣೆಯ ಅನುಮತಿ ತೆಗೆಯುವ ಪ್ರಸ್ತಾಪ ಮುಂದಿಟ್ಟಿತು. 2024ರ ಜುಲೈನಲ್ಲಿ ತೆಗೆದೂ ಬಿಟ್ಟಿತು. 2025ರ ಜನವರಿ 15ರಂದು ರೆಡ್ 3ರ ಸರದಿ. ಆಹಾರ ಕಂಪನಿಗಳಿಗೆ 2027ರ ಜನವರಿ 15ರವರೆಗೆ ಗಡುವು. ನಿಜ, ಬ್ರೋಮಿನ್ ಎಣ್ಣೆಯ ಬಗ್ಗೆ ಇಲಾಖೆಯೇ ಮಾಡಿಸಿದ ಪ್ರಾಣಿ ಅಧ್ಯಯನ ಅಷ್ಟರಲ್ಲಿ ಮುಗಿದಿತ್ತು. ರೆಡ್ 3 ಬಗ್ಗೆ 2022ರಲ್ಲೇ ಸಂಘಟನೆಗಳು ಅರ್ಜಿ ಕೊಟ್ಟಿದ್ದವು. ಎಲ್ಲವೂ ಕ್ಯಾಲಿಫೋರ್ನಿಯಾದಿಂದಲೇ ಆಯಿತು ಎನ್ನಲಾಗದು. ಆದರೂ ಐದು ದಶಕ, ಮೂರು ದಶಕ ಕದಲದ ಎರಡು ಕಡತಗಳು ಒಂದೂಕಾಲು ವರ್ಷದಲ್ಲಿ ಮುಗಿದದ್ದು ಸುಮ್ನೆ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಶಾಲೆಯ ಊಟಕ್ಕೂ ಇದು ಹಬ್ಬಿತು. ಕ್ಯಾಲಿಫೋರ್ನಿಯಾದ ಪರಿಸರ ಆರೋಗ್ಯ ಕಚೇರಿ 2021ರಲ್ಲಿ ಒಂದು ದೊಡ್ಡ ವರದಿ ಕೊಟ್ಟಿತ್ತು. ಕೃತಕ ಬಣ್ಣಗಳಿಂದ ಕೆಲವು ಮಕ್ಕಳಲ್ಲಿ ಚಡಪಡಿಕೆ, ಗಮನ ನಿಲ್ಲದಿರುವುದು ಹೆಚ್ಚಾಗಬಹುದು, ಈ ಬಣ್ಣಗಳಿಗೆ ಎಫ್‌ಡಿಎ ಇಟ್ಟಿರುವ ಮಿತಿಗಳು 35ರಿಂದ 70 ವರ್ಷ ಹಳೆಯ ಅಧ್ಯಯನಗಳ ಮೇಲೆ ನಿಂತಿವೆ ಎಂದು ಅದು ಹೇಳಿತು. ಅದನ್ನು ಆಧರಿಸಿ 2024ರಲ್ಲಿ, ರೆಡ್ 40, ಯೆಲ್ಲೋ 5, ಯೆಲ್ಲೋ 6 ಸೇರಿ ಆರು ಬಣ್ಣಗಳನ್ನು ಸರ್ಕಾರಿ ಶಾಲೆಗಳ ಆಹಾರದಿಂದ ತೆಗೆಯುವ ಕಾಯ್ದೆ ಬಂತು. ಆಗ ರಾಜಕೀಯದ ಗೆರೆಯೂ ಅಳಿಸಿತು. ಡೆಮಾಕ್ರಟಿಕ್ ಪಕ್ಷದ ಕ್ಯಾಲಿಫೋರ್ನಿಯಾ ಶುರುಮಾಡಿದ್ದನ್ನು ರಿಪಬ್ಲಿಕನ್ ಪಕ್ಷದ ವೆಸ್ಟ್ ವರ್ಜೀನಿಯಾ 2025ರ ಮಾರ್ಚ್‌ನಲ್ಲಿ ಇನ್ನೂ ಮುಂದಕ್ಕೆ ಒಯ್ದಿತು. ಏಳು ಬಣ್ಣ, ಎರಡು ಪ್ರಿಸರ್ವೇಟಿವ್‌ಗಳನ್ನು ಶಾಲೆಯಲ್ಲಿ ಮಾತ್ರವಲ್ಲ, 2028ರಿಂದ ಇಡೀ ರಾಜ್ಯದಲ್ಲಿ ಮಾರಬಾರದು ಎಂದು ಬರೆಯಿತು. ಬಣ್ಣ ತಯಾರಕರ ಸಂಘಟನೆ ಅದನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿತು. ಟೆಕ್ಸಸ್ ನಿಷೇಧದ ಬದಲು ಎಚ್ಚರಿಕೆಯ ಲೇಬಲ್ ದಾರಿ ಹಿಡಿಯಿತು. ಪಟ್ಟಿಯಲ್ಲಿ 44 ವಸ್ತುಗಳಿವೆ.

ಈ ಗಾಳಿಯ ದಿಕ್ಕು ಕಂಪನಿಗಳಿಗೂ ಗೊತ್ತಾಯಿತು. 2025ರ ಜೂನ್‌ನಲ್ಲಿ ಕ್ರಾಫ್ಟ್ ಹೈನ್ಜ್ ಮತ್ತು ಜನರಲ್ ಮಿಲ್ಸ್ ಒಂದೇ ದಿನ ಹೇಳಿಕೆ ಕೊಟ್ಟವು. 2027ರ ಕೊನೆಯೊಳಗೆ ಅಮೆರಿಕದ ತಮ್ಮ ಉತ್ಪನ್ನಗಳಿಂದ ಇಂಥ ಬಣ್ಣಗಳನ್ನು ತೆಗೆಯುತ್ತೇವೆ ಎಂದವು.

ವಿರೋಧದ ಮಾತುಗಳಲ್ಲಿ ಕೇಳಬೇಕಾದವೂ ಇವೆ

ಐವತ್ತು ರಾಜ್ಯ ಐವತ್ತು ಪಟ್ಟಿ ಮಾಡಿದರೆ ಹೇಗೆ, ಇಡೀ ದೇಶಕ್ಕೆ ಒಂದೇ ನಿಯಮ ಇರಲಿ ಎಂದು ಆಹಾರ ಕಂಪನಿಗಳ ಸಂಘಟನೆಗಳು ಕೇಳುತ್ತಿವೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಒಂದು ನಿಯಮ ಬಿಗಿಯಾಗಿರುತ್ತದೋ ಸಡಿಲವಾಗಿರುತ್ತದೋ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸಡಿಲವಾದ ಒಂದೇ ನಿಯಮ ರಾಜ್ಯಗಳ ಕೈ ಕಟ್ಟಿಹಾಕುತ್ತದೆ, ಅಷ್ಟೇ.

ಇನ್ನೊಂದು ಮಾತು, ಯುರೋಪ್ ಬಗ್ಗೆ. ಯುರೋಪಿನಲ್ಲಿ ಇದೆಲ್ಲ ನಿಷೇಧ ಎಂದು ಎಲ್ಲರೂ ಹಂಚಿಕೊಳ್ಳುತ್ತಾರೆ. ಪೂರ್ತಿ ನಿಜ ಅಲ್ಲ. ರೆಡ್ 40, ಯೆಲ್ಲೋ 5 ಅಲ್ಲೂ ನಡೆಯುತ್ತವೆ. ಆದರೆ ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಎಂದು 2010ರಿಂದ ಪೊಟ್ಟಣದ ಮೇಲೆ ಬರೆಯಬೇಕು. ಆ ಸಾಲನ್ನು ತಮ್ಮ ಪೊಟ್ಟಣದ ಮೇಲೆ ಹಾಕಲು ಇಷ್ಟವಿಲ್ಲದ ಕಂಪನಿಗಳು ತಾವಾಗಿಯೇ ಬೀಟ್‌ರೂಟ್, ಅರಿಶಿನದಂಥ ಬಣ್ಣಗಳಿಗೆ ಹೋದವು. ರೆಡ್ 3ಕ್ಕೂ ಅಲ್ಲಿ ಸಕ್ಕರೆಯಲ್ಲಿಟ್ಟ ಚೆರ್ರಿಯಂಥ ಒಂದೆರಡು ಕಡೆ ಮಾತ್ರ ಅವಕಾಶ ಉಳಿದಿದೆ.

ಬಣ್ಣ ತೆಗೆದ ಮಾತ್ರಕ್ಕೆ ಮಿಠಾಯಿ ಆರೋಗ್ಯದ ತಿಂಡಿ ಆಗುವುದಿಲ್ಲ ಎನ್ನುವುದೂ ನಿಜವೇ. ಸಕ್ಕರೆ, ಉಪ್ಪು ಹಾಗೇ ಇರುತ್ತವೆ. ಈ ಕಾಯ್ದೆಗಳು ಅದನ್ನು ಮುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾ 2025ರ ಅಕ್ಟೋಬರ್‌ನಲ್ಲಿ, ಅತಿಯಾಗಿ ಸಂಸ್ಕರಿಸಿದ ಆಹಾರ ಎಂದರೇನು ಎಂದು ಕಾನೂನಿನಲ್ಲೇ ಬರೆದು, ಅವುಗಳಲ್ಲಿ ಹಾನಿಕರವಾದವನ್ನು ಶಾಲೆಯ ಊಟದಿಂದ ಹಂತಹಂತವಾಗಿ ತೆಗೆಯುವ ಕೆಲಸಕ್ಕೆ ಕೈಹಾಕಿದೆ. ಅದು ಮುಗಿಯುವುದು 2035ಕ್ಕೆ.

ಗ್ರಾಸ್ ಎಂಬ ಮೊದಲನೇ ಬಾಗಿಲು ಮಾತ್ರ ಹಾಗೇ ತೆರೆದಿದೆ. 2025ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್, ಕಂಪನಿಗಳು ತಮಗೆ ತಾವೇ ಪ್ರಮಾಣಪತ್ರ ಕೊಟ್ಟುಕೊಳ್ಳುವ ಈ ಪದ್ಧತಿಯನ್ನು ತೆಗೆಯುವ ದಾರಿ ಹುಡುಕಿ ಎಂದು ಎಫ್‌ಡಿಎಗೆ ಸೂಚಿಸಿದರು. ನನ್ನ ಮಟ್ಟಿಗೆ ಯಾವ ಒಂದು ಬಣ್ಣದ ನಿಷೇಧಕ್ಕಿಂತಲೂ ದೊಡ್ಡ ಕೆಲಸ ಇದು. ಬಣ್ಣದ ಹೆಸರು ನಮಗೆ ಗೊತ್ತು, ಕೂಗಾಡಬಹುದು. ಇಲಾಖೆಗೇ ಹೆಸರು ಗೊತ್ತಿಲ್ಲದ ವಸ್ತುವಿನ ಬಗ್ಗೆ ಯಾರು ಕೂಗಾಡುತ್ತಾರೆ?

ನಾಲ್ಕರಲ್ಲಿ ಪೊಟ್ಯಾಸಿಯಮ್ ಬ್ರೋಮೇಟ್ ಮತ್ತು ಪ್ರೊಪೈಲ್‌ಪ್ಯಾರಾಬೆನ್ ಅನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ ಮೇಲೂ ಎಫ್‌ಡಿಎ ಕೂಡಲೇ ಕೈಬಿಡಲಿಲ್ಲ. ಅಂಗಡಿಯಲ್ಲಿ ಕೊಳ್ಳುವ ಹಿಟ್ಟಿನ ಚೀಲದ ಮೇಲೆ 'ಬ್ರೋಮೇಟೆಡ್' ಎಂದು ಬರೆದಿರಲೇಬೇಕು ಎಂಬ ನಿಯಮ ಅಮೆರಿಕದಲ್ಲಿದೆ. ಅದನ್ನು ನೋಡಿ ಬೇರೆ ಚೀಲ ಎತ್ತಿಕೊಳ್ಳಬಹುದು. ನ್ಯೂಯಾರ್ಕ್‌ನ ಪಿಜ್ಜಾ ಅಂಗಡಿಗಳಲ್ಲಿ, ಬೇಗಲ್ ಅಂಗಡಿಗಳಲ್ಲಿ ಬ್ರೋಮೇಟ್ ಹಾಕಿದ ಹಿಟ್ಟಿನ ಬಳಕೆ ಇವತ್ತಿಗೂ ಸಾಮಾನ್ಯ. ಆದರೆ ಒಲೆಯಿಂದ ಬಿಸಿಬಿಸಿಯಾಗಿ ತಟ್ಟೆಗೆ ಬರುವ ಪಿಜ್ಜಾ ತುಂಡಿನ ಮೇಲೆ ಯಾವ ಲೇಬಲ್ಲೂ ಇರುವುದಿಲ್ಲ. ಹಿಟ್ಟಿನ ಚೀಲ ಹಿಂದಿನ ಕೋಣೆಯಲ್ಲಿರುತ್ತದೆ. ಯಾವ ಹಿಟ್ಟು ಬಳಸುತ್ತೀರಿ ಎಂದು ತಿನ್ನುವವರೇ ಕೌಂಟರಿನಲ್ಲಿ ಕೇಳಬೇಕು.